ನಲವತ್ತು ಮನೆ, ಒಂದು ಫೋನು

"ನಿನ್ ತಲೇಲಿ ಏನೇ ತುಂಬಿದೆ, ಸಗಣೀನಾ? ನಲವತ್ತು ಮನೆಗೂ ನಿನ್ ಫೋನ್ ನಂಬರೇ ಹಾಕಿದ್ಯಲ್ಲೇ, ಮುಂಡೇದೇ!"

ಏಜೆಂಟ ಕೂಗಿದ ಜೋರಿಗೆ, ನೆಲದ ಮೇಲೆ ಕೂತು ಪೇಪರಿನೊಳಗೆ ಜಾಹೀರಾತು ಚೀಟಿ ತುರುಕುತ್ತಿದ್ದವರೆಲ್ಲ ತಲೆ ಎತ್ತಿದರು. ಹೆಡ್ಡಾಫೀಸಿನಿಂದ ಬಂದಿದ್ದ ಸಾಹೇಬ ಮಾತ್ರ ಟ್ಯಾಬಿನಿಂದ ಕಣ್ಣೆತ್ತಲಿಲ್ಲ. ಬೆಳಗಾಗುತ್ತಿದ್ದಂತೆ ಬೈಸಿಕೊಳ್ಳುವ ಯೋಗ ನನ್ನದು.

ತಪ್ಪು ನನ್ನದೇ, ಇಲ್ಲವೆನ್ನಲ್ಲ. ಆದರೆ ಕೇಳಿ. ಪೇಪರು ತರಿಸುವ ಮನೆಯವರು ಯಾರು ಅಂತ ಆಫೀಸಿನವರಿಗೆ ಯಾವತ್ತು ಗೊತ್ತಿತ್ತು? ಅವರಿಗೆ ಗೊತ್ತಿದ್ದದ್ದು ಪೇಪರು ಹಾಕುವ ನಾವು. ಪೇಪರು ಒದ್ದೆಯಾದರೂ ನನಗೇ ಫೋನು, ಊರಿಗೆ ಹೋಗುತ್ತೇವೆ ಒಂದು ವಾರ ಬೇಡ ಅಂದರೂ ನನಗೇ ಫೋನು. ಇಪ್ಪತ್ತೆರಡು ವರ್ಷ ನಾನು ಪೇಪರು ಹಾಕುವ ಈ ಲೈನಿನ ಅಷ್ಟೂ ಮನೆಗೆ ನಾನೇ ಬಾಯಿ, ನಾನೇ ಕಿವಿ.

ಮೂರು ತಿಂಗಳ ಹಿಂದೆ ಇದೇ ಸಾಹೇಬ ಬಂದು, ಇನ್ಮೇಲೆ ಪೇಪರನ್ನು ಜನ ಫೋನಿನಲ್ಲೇ ಓದಬೇಕು, ನೀವೇ ಮನೆಮನೆಗೆ ಹೋಗಿ ಅವರ ಫೋನಿಗೆ ಹಾಕಿಕೊಡಬೇಕು ಎಂದ. ನಲವತ್ತು ಮನೆ ಮಾಡಿಸಿದವರ ಲೈನು ಉಳಿಯುತ್ತೆ, ಉಳಿದವರದು ಕಟ್. ನಮ್ಮ ಕೈಲೇ ಚಪ್ಪಾಳೆ ತಟ್ಟಿಸಿದ. ಸರಿ, ಹೋದೆ. ಫೋನು ನಂಬರ್ ಕೇಳಿತು. ಆಫೀಸಿಗೆ ಬೇಕಾದದ್ದು ಯಾವಾಗಲೂ ನನ್ನದೇ ಅಲ್ಲವೆ? ನನ್ನದೇ ಹಾಕಿದೆ. ನನ್ನ ಫೋನಿಗೆ ಕೋಡು ಬಂತು, ಅವರ ಫೋನಿನಲ್ಲಿ ಒತ್ತಿದೆ, ಪೇಪರು ತೆರೆಯಿತು. ನಾನೊಬ್ಬಳೇ ಅಲ್ಲ, ಇನ್ನೂ ಮೂವರು ಹೀಗೇ ಮಾಡಿದ್ದರು. ಮೊದಲು ಸಿಕ್ಕಿಬಿದ್ದವಳು ನಾನು.

ಒಂದೊಂದು ಮನೆ ಮಾಡಿಸಿದ ಮಾರನೇ ದಿನವೇ ಆ ಮನೆಯ ಪೇಪರು ನನ್ನ ಬಂಡಲಿನಿಂದ ಮಾಯ. ಕೊನೆಗೆ ಉಳಿದದ್ದು ಒಂಬತ್ತು. ಮನೆಯಲ್ಲಿ ಅಕ್ಕ ಸೊಂಟ ಬಿದ್ದು ಮಂಚ ಹಿಡಿದಿದ್ದಾಳೆ. ನಮ್ಮಿಬ್ಬರನ್ನೂ ಸಾಕುತ್ತಿದ್ದದ್ದು ಈ ಲೈನೊಂದೇ. ಒಂಬತ್ತು ಪೇಪರಿಗೆ ಯಾರ ಹೊಟ್ಟೆ ತುಂಬುತ್ತೆ, ನೀವೇ ಹೇಳಿ.

ನಿನ್ನೆ ಆ ನಲವತ್ತು ಮನೆಯಲ್ಲೂ ಫೋನಿನ ಪೇಪರು ಮುಚ್ಚಿಕೊಂಡು ಮತ್ತೆ ಕೋಡು ಕೇಳಿತ್ತು. ಕೋಡು ಬರುವುದು ನನ್ನ ಫೋನಿಗೆ. ನಲವತ್ತು ಹೊಸ ಓದುಗರು ಅಂತ ಸಾಹೇಬ ಮೇಲಿನವರಿಗೆ ಬರೆದುಕೊಟ್ಟಿದ್ದ. ಅವರು ತೆಗೆದು ನೋಡಿದರೆ ಇರುವುದು ನಾನೊಬ್ಬಳೇ.

"ನೋಡಿ ಅಮ್ಮ," ಎಂದ ಸಾಹೇಬ, ಬಲು ನಯವಾಗಿ. "ಒಂದೊಂದೇ ಮನೆಗೆ ಅವರವರ ನಂಬರ್ ಹಾಕ್ತೀನಿ. ಹಳೇ ನಂಬರ್ ಒಪ್ಪಿದ್ರೇನೇ ಬದಲಾಗೋದು, ಅದಕ್ಕೆ ನಿಮ್ಮ ಫೋನಿಗೆ ಕೋಡ್ ಬರುತ್ತೆ. ಓದಿ ಹೇಳಿ, ಸಾಕು."

"ಹೇಳಿದ್ರೆ ನನ್ ಮನೆಗಳನ್ನ ವಾಪಸ್ ಕೊಡ್ತೀರಾ?"

"ಏನೇ, ಸಾಹೇಬ್ರಿಗೇ ಎದುರು ಮಾತಾ?" ಏಜೆಂಟ ಕೈ ಎತ್ತಿದ.

"ಕೈ ಇಳ್ಸೋ, ಬೋಳಿಮಗನೆ!" ಎಂದವನು ಸೈಕಲ್ ಮಾವ, ನಮ್ಮೆಲ್ಲರಿಗಿಂತ ಹಿರಿಯ. ಆಮೇಲೆ ನನ್ನ ಕಡೆ ತಿರುಗಿದ. "ನಾನು ಇವ್ರು ಹೇಳ್ಕೊಟ್ಟಂಗೇ ಸರಿಯಾಗಿ ಮಾಡ್ದೆ ಕಣಮ್ಮ. ನನ್ ಹತ್ರ ಒಂದ್ ಮನೇನೂ ಉಳೀಲಿಲ್ಲ. ಚೀಟಿ ತುರುಕ್ತಾ ಕೂತಿದೀನಿ."

ಸಾಹೇಬ ಟ್ಯಾಬು ಒತ್ತಿದ. ನನ್ನ ಫೋನು ಟಿಣ್ ಎಂದಿತು. ನಾಲ್ಕು ಅಂಕಿ. ಮೂರು ನಿಮಿಷ ಕಳೆದರೆ ಆ ಕೋಡು ಸತ್ತಹಾಗೆ. ನಾನು ಬಾಯಿ ಬಿಡಲಿಲ್ಲ. ಸತ್ತಿತು. ಇನ್ನೊಂದು ಕಳಿಸಿದ. ಅದೂ ಸತ್ತಿತು. ಸಾಹೇಬನ ಹಣೆಯಲ್ಲಿ ಬೆವರು ಕಂಡು, ಸುಳ್ಳೇಕೆ, ಹಾಲು ಕುಡಿದಷ್ಟು ಸಂತೋಷವಾಯಿತು.

"ಏನ್ ಬೇಕಮ್ಮ ನಿಮಗೆ?"

"ನಲವತ್ತು ಪೇಪರು. ನಾಳೆ ಬೆಳಿಗ್ಗೆ ನನ್ ಬಂಡಲಲ್ಲಿರ್ಬೇಕು."

ಆಗ ಅವನು ನನ್ನ ಮುಖ ನೋಡಿದ. "ಎಲ್ಲಿಂದ ತರ್ಲಿ? ಅಚ್ಚಿನ ಮೆಷಿನ್ ಮಾರಿ ಆಯ್ತು. ಮುಂದಿನ ತಿಂಗಳಿಂದ ಪೇಪರೇ ಅಚ್ಚಾಗಲ್ಲ."

ಚೀಟಿ ತುರುಕುತ್ತಿದ್ದ ಕೈಗಳು ನಿಂತವು.

"ಮತ್ತೆ ಲೈನ್ ಉಳಿಯುತ್ತೆ ಅಂದ್ರಿ?"

"ಅದು... ನಿಮಗೆಲ್ಲ ಹುರುಪು ಬರ್ಲಿ ಅಂತ."

ನಲವತ್ತು ಬಾಗಿಲು ತಟ್ಟಿ, ಹಲ್ಲು ಗಿಂಜಿ, ಬಿಸಿಲಲ್ಲಿ ಅಲೆದದ್ದು ಇದಕ್ಕಾ? ಅಕ್ಕನಿಗೆ ಹೋಗಿ ಏನು ಹೇಳಲಿ?

"ಆ ಫೋನ್ ಕಿತ್ಕೋ!" ಸಾಹೇಬನ ನಯವೆಲ್ಲ ಹಾರಿಹೋಯಿತು. ಏಜೆಂಟ ನನ್ನ ರಟ್ಟೆ ಹಿಡಿದು ತಿರುಚಿದ. ಸೈಕಲ್ ಮಾವ ಅವನ ಸೊಂಟ ತಬ್ಬಿ ಎಳೆದ. ನಾನು ಗೋಡೆಗೆ ಬೆನ್ನು ಕೊಟ್ಟು, ಫೋನಿನ ಹಿಂಬದಿಯ ಮುಚ್ಚಳ ಉಗುರಿನಿಂದ ಎಬ್ಬಿಸಿ, ಸಿಮ್ಮು ಕಿತ್ತು ಬಾಯಿಗೆ ಹಾಕಿಕೊಂಡೆ.

"ಅಮ್ಮಾ, ಬೇಡ! ನನ್ ಕೆಲಸ ಹೋಗುತ್ತಮ್ಮಾ!" ಸಾಹೇಬ ಗೋಗರೆದ.

ದವಡೆಯ ನಡುವೆ ಇಟ್ಟು ಕಚ್ಚಿದೆ. ಒಸಡು ಕುಯ್ದು ಬಾಯಿ ತುಂಬ ರಕ್ತದ ರುಚಿ. ಇನ್ನು ನನಗೆ ಲೈನೂ ಇಲ್ಲ, ಫೋನೂ ಇಲ್ಲ. ಚೂರುಗಳನ್ನು ಅವನ ಕಾಲ ಬಳಿ ಉಗಿದೆ.

"ಕಳ್ಸಪ್ಪ, ಈಗ ಕಳ್ಸು ಕೋಡು," ಎಂದೆ.

ಸಾಹೇಬ ನೆಲದ ಮೇಲೆ ಕೂತಿದ್ದವರ ಕಡೆ ತಿರುಗಿದ. ನನ್ನ ಹಾಗೇ ತಮ್ಮ ನಂಬರ್ ಹಾಕಿದ್ದ ಇನ್ನೂ ಮೂವರ ಸರದಿಯಿತ್ತು. ಅವರಲ್ಲೊಬ್ಬಳು, ಆಸ್ಪತ್ರೆ ಬೀದಿಗೆ ಪೇಪರು ಹಾಕುವವಳು, ಚೀಟಿಗಳನ್ನು ಪಕ್ಕಕ್ಕೆ ಸರಿಸಿ, ತನ್ನ ಫೋನು ಬೋರಲು ಹಾಕಿ, ಮುಚ್ಚಳದ ಸಂದಿಗೆ ಉಗುರು ತೂರಿಸುತ್ತಿದ್ದಳು.