ಬಂದು ಹೋಗುವ ನವಿಲು

ಬ್ಲೌಸ್ ಪೀಸನ್ನು ತಿರುವಿ ತೊಡೆಯ ಮೇಲೆ ಹರಡಿಕೊಂಡು ಹಿಂಬದಿಯ ದಾರಗಳನ್ನು ಕತ್ತರಿಸುತ್ತಿದ್ದೆ. ಕಸೂತಿ ಮಷಿನ್ ಒಂದು ಹೂವು ಮುಗಿಸಿ ಇನ್ನೊಂದಕ್ಕೆ ಹೋಗುವಾಗ ನಡುವೆ ಉದ್ದನೆಯ ಎಳೆ ಬಿಟ್ಟು ಹೋಗುತ್ತದೆ. ಬಟ್ಟೆಗೆ ತಾಗದಂತೆ ಸಣ್ಣ ಕತ್ತರಿಯಿಂದ ಅದನ್ನು ತೆಗೆಯಬೇಕು. ಒಂದು ಎಳೆ ತಪ್ಪಿದರೂ ಮದುಮಗಳ ಬೆನ್ನಿಗೆ ಚುಚ್ಚುತ್ತದೆ. ಮಾಣಿಕಮ್ಮಕ್ಕ ಪಕ್ಕದಲ್ಲೇ ಕಂಪ್ಯೂಟರಿನ ಮುಂದೆ ಕೂತಿದ್ದರು. ಅವತ್ತು ನಾನು ಬಂದಾಗಿನಿಂದ ಅವರು ಮಾತಾಡಿರಲಿಲ್ಲ. ನಾನಾಗಿ ಮಾತಾಡುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ಅವರು ಮೌಸ್ ಒತ್ತಿದ ಸದ್ದು ಕೇಳಿದಾಗಲೆಲ್ಲ ನಾನು ತಲೆ ಎತ್ತದೆ ಕಣ್ಣು ಮಾತ್ರ ಎತ್ತುತ್ತಿದ್ದೆ.

ಪರದೆಯ ಮೇಲೆ ನವಿಲು ಬರುತ್ತಿತ್ತು. ಅದು ನಮ್ಮ ಡಿಸೈನ್ ಸಾಫ್ಟ್‌ವೇರಿನ ಗುರುತಿನ ಚಿತ್ರ. ಮೊದಲಾದರೆ ನವಿಲು ಗರಿ ಬಿಚ್ಚಿ ನಿಂತು ಮಾಯವಾದ ಮೇಲೆ ಬಿಳಿ ಹಾಳೆ ತೆರೆದುಕೊಳ್ಳುತ್ತಿತ್ತು. ಅದರ ಮೇಲೆ ಅಕ್ಕ ಹೂವು, ಬಳ್ಳಿ, ಹುಡುಗ ಹುಡುಗಿಯ ಹೆಸರು ಕೂಡಿಸುತ್ತಿದ್ದರು. ಈಗ ನವಿಲು ಬರುತ್ತದೆ, ನಿಲ್ಲುತ್ತದೆ, ಹೋಗುತ್ತದೆ. ಹಾಳೆ ತೆರೆಯುವುದಿಲ್ಲ. ತಪ್ಪೇನು ಎಂದು ಒಂದು ಅಕ್ಷರವೂ ಬರುವುದಿಲ್ಲ.

ಬಂದ್ ಮಾಡಿ ಚಾಲೂ ಮಾಡಿದ್ದಾಯಿತು. ತೆಗೆದುಹಾಕಿ ಪೆನ್‌ಡ್ರೈವಿನಿಂದ ಮತ್ತೆ ತುಂಬಿದ್ದಾಯಿತು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದೂ ಆಯಿತು. ಮೆಣಸಿನಕಾಯಿ ಘಾಟು ಬರಲಿಲ್ಲವೆಂದು ಅಕ್ಕ ಹೆದರಿದರು. ಘಾಟು ಬರದಿದ್ದರೆ ದೃಷ್ಟಿ ಬಲವಾಗಿದೆ ಎಂದು ಅವರ ಲೆಕ್ಕ.

ಬಸವಕಲ್ಯಾಣದ ಬಟ್ಟೆ ಗಲ್ಲಿಯಲ್ಲಿ ಅಕ್ಕನದು ಕಂಪ್ಯೂಟರ್ ಕಸೂತಿಯ ಅಂಗಡಿ. ಗಂಡ ತೀರಿಕೊಂಡ ಮೇಲೆ ಅಕ್ಕನ ತಮ್ಮ ಗೋವರ್ಧನಣ್ಣ ಮುಂದೆ ನಿಂತು ಸೊಲ್ಲಾಪುರದಿಂದ ಹಳೆಯ ಮಷಿನ್ ತಂದು ಹಾಕಿಕೊಟ್ಟಿದ್ದರು. ಮಷಿನ್ ಮಾರಿದವನೇ ಸಾಫ್ಟ್‌ವೇರನ್ನೂ ತುಂಬಿ ಕೊಟ್ಟಿದ್ದನಂತೆ. ಗೋವರ್ಧನಣ್ಣ ಗಾಡಿಯ ಮೇಲೆ ಆರ್ಡರ್ ತರುತ್ತಾರೆ, ಮುಟ್ಟಿಸುತ್ತಾರೆ. ಉಳಿದ ಹೊತ್ತು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕ್ರಿಕೆಟ್ ನೋಡುತ್ತಾರೆ. ಅವರ ಹತ್ತಿರ ಎರಡು ಮೊಬೈಲ್. ಜೇಬಿನೊಳಗಿನ ಮೊಬೈಲಿನ ನೆಟ್ಟನ್ನು ಹಂಚಿಕೊಂಡು ಕೈಯೊಳಗಿನ ದೊಡ್ಡದರಲ್ಲಿ ಆಟ ನೋಡುವುದು ಅವರ ರೂಢಿ.

ಅವತ್ತು ಅವರು ಒಳಗೆ ಬಂದವರೇ ಅಕ್ಕನ ಹೆಗಲ ಮೇಲಿಂದ ಪರದೆ ನೋಡಿದರು.

"ಇವತ್ತೂ ಇಲ್ಲೇನು?"

"ಮುಂಜಾನಿ ಚಾಲೂ ಆಗಿತ್ತು. ಈಗ ಆಗವಲ್ದು. ಮನ್ನಾಏಖೇಳ್ಳಿ ಮದುವಿ ಮಂದಿಗಿ ಏನ್ ಹೇಳ್ಲಿ? ತೋಳಿನ ಮ್ಯಾಲ ಹೆಸರು ಹಾಕಿ ಕೊಡ್ತೀನಂತ ಮಾತು ಕೊಟ್ಟೀನಿ."

"ಅಕ್ಕಾ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ. ಮುಂಜಾನಿ ನೀ ಒಬ್ಬಾಕೆ ಇದ್ದಾಗ ಇದು ನಡೀತದ ಹೌದಿಲ್ಲ?"

"ನಡೀತದ."

"ಇಕಿ ಬಂದ ಮ್ಯಾಲ?"

ನನ್ನ ಕತ್ತರಿ ನಿಂತಿತು.

"ಹೋದ ವಾರ ಇಕಿ ಅವ್ವಗ ಜ್ವರ ಬಂದಾವಂತ ಬರ್ಲಿಲ್ಲ. ಅವತ್ತ ದಿನಪೂರ್ತಿ ನಡೀತು. ನಾ ದಾರ ತರಾಕ ಹುಮನಾಬಾದಕ್ಕ ಹೋಗಿದ್ದೆ, ತಿರುಗಿ ಬರೋದ್ರಾಗ ನೀನೇ ಹೇಳ್ದಿ, ಇವತ್ತ ಏನೂ ತಕರಾರ ಇಲ್ಲಂತ." ಅವರು ನಕ್ಕರು. "ಕಂಪ್ಯೂಟರಿಗೂ ಆಮ್ರಪಾಲಿ ಮುಖ ಸೇರವಲ್ದು ನೋಡು."

ಅಕ್ಕ ನಗಲಿಲ್ಲ. ನನ್ನನ್ನು ಪಾದದಿಂದ ತಲೆಯವರೆಗೆ ನೋಡಿದರು. ನನ್ನ ಕೈಯನ್ನು ಹೆಚ್ಚು ಹೊತ್ತು ನೋಡಿದರು.

"ನಾಳಿ ಕಂಪ್ಯೂಟರ್ ಡಬ್ಬಾ ಹುಮನಾಬಾದಕ್ಕ ಒಯ್ಯೋಣು," ಎಂದರು. "ಕಂಪ್ಯೂಟರ್ ಅಂಗಡಿ ಏಜಾಜ್ ನೋಡ್ಲಿ. ಮಷಿನ್ ಕೆಟ್ಟಿದ್ರ ರಿಪೇರಿ ಮಾಡಿಸ್ತೀನಿ. ಮಂದಿ ಕೆಟ್ಟಿದ್ರ ಹೊರಗ ಹಾಕ್ತೀನಿ."

ಈ ಗಲ್ಲಿಯಲ್ಲಿ ಒಂದು ಅಂಗಡಿಯವರು ಕೆಲಸ ಬಿಡಿಸಿದರೆ ಉಳಿದವರು ಯಾಕೆಂದು ಕೇಳದೆ ಇರುವುದಿಲ್ಲ. ಕೇಳಿದ ಮೇಲೆ ಯಾರೂ ಕರೆಯುವುದಿಲ್ಲ. ಒಂಬತ್ತನೆಯ ತರಗತಿಯ ನಡುವೆ ಸಾಲಿ ಬಿಟ್ಟು ಅವ್ವನ ಜೊತೆ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದವಳು ನಾನು. ಈ ಕತ್ತರಿ ಹಿಡಿದ ಮೇಲೆ ಮೊದಲ ಸಲ ನನ್ನ ಕೈಗೆ ಒಂದು ಕೆಲಸ ಒಲಿದಿತ್ತು. ಮತ್ತೆ ಕಳೆ ತೆಗೆಯಲು ಹೊಲಕ್ಕೆ ಹೋಗುವುದು ನನಗೆ ಬೇಡವಾಗಿತ್ತು.

ಮರುದಿನ ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಇಲಕಲ್ ಸೀರೆಯಲ್ಲಿ ಸುತ್ತಿ ನಾನು ತೊಡೆಯ ಮೇಲೆ ಇಟ್ಟುಕೊಂಡೆ. ಗೋವರ್ಧನಣ್ಣ ಅಂಗಡಿ ನೋಡಿಕೊಳ್ಳಲು ಉಳಿದರು. ಬಸ್ಸಿನಲ್ಲಿ ಕಂಡಕ್ಟರ್ ಬಗ್ಗಿ ಸೀರೆಯೊಳಗೆ ಇಣುಕಿದ.

"ಕೂಸು ಮಲಗ್ಯಾದೇನು?"

"ಕಂಪ್ಯೂಟರ್ ಅದರಿ," ಎಂದರು ಅಕ್ಕ.

"ಹೆಣ್ಮಕ್ಕಳಿಗಿ ಫ್ರೀ ಅದ, ಇದಕ್ಕ ಅಲ್ಲ. ಇದು ಗಂಡೋ ಹೆಣ್ಣೋ ಮೊದಲ ಹೇಳ್ರಿ."

ಬಸ್ಸಿನವರೆಲ್ಲ ನಕ್ಕರು. ಅಕ್ಕ ಲಗೇಜ್ ಟಿಕೆಟ್ ತೆಗೆದುಕೊಂಡು ಕಿಟಕಿಯ ಕಡೆ ತಿರುಗಿದರು.

ಹುಮನಾಬಾದಿನಲ್ಲಿ ಬಸ್‌ಸ್ಟ್ಯಾಂಡಿನಿಂದ ಏಜಾಜ್ ಭಾಯ್ ಅಂಗಡಿಗೆ ನಡೆದು ಹೋಗುವ ದಾರಿಯಲ್ಲಿ ಅಕ್ಕ ಇದ್ದಕ್ಕಿದ್ದಂತೆ ನಿಂತರು. ಹೊಸದೊಂದು ಬ್ಲೌಸ್ ಅಂಗಡಿ. ಗಾಜಿನ ಹಿಂದೆ ತಲೆಯಿಲ್ಲದ ಗೊಂಬೆಗೆ ಹಸಿರು ಬ್ಲೌಸ್ ಹಾಕಿದ್ದರು. ಅದರ ತೋಳಿನ ಅಂಚಿನಲ್ಲಿ ಜೋಳದ ತೆನೆಗಳ ಸಾಲು.

ಆ ತೆನೆ ಅಕ್ಕನದು. ಅವರ ಅವ್ವ ಕೌದಿಯ ಮೇಲೆ ಹಾಕುತ್ತಿದ್ದ ಹೊಲಿಗೆಯನ್ನು ನೋಡಿ ಅಕ್ಕ ತಾವೇ ಬಿಡಿಸಿದ ಡಿಸೈನು. ಪ್ರತಿ ತೆನೆಯ ಎಡಗಡೆ ಒಂದು ಎಲೆ ಮುರಿದಂತೆ ಬಾಗಿರುತ್ತದೆ. ಕೌದಿಯಲ್ಲೂ ಹಾಗೇ ಇತ್ತಂತೆ. ಗೊಂಬೆಯ ತೋಳಿನಲ್ಲೂ ಎಲೆಗಳು ಎಡಕ್ಕೇ ಮುರಿದಿದ್ದವು. ಅಕ್ಕ ಆ ಡಿಸೈನನ್ನು ಯಾರಿಗೂ ಕೊಟ್ಟವರಲ್ಲ, ಕೇಳಿದವರಿಗೆ ಬೈದು ಕಳಿಸಿದ್ದರು.

ಅವರು ಗಾಜಿನ ಮುಂದೆ ಬಹಳ ಹೊತ್ತು ನಿಂತರು. ಬ್ಲೌಸ್ ನೋಡುತ್ತಿದ್ದಾರೆಂದು ಮೊದಲು ಅಂದುಕೊಂಡೆ. ಆಮೇಲೆ ಗಾಜಿನಲ್ಲಿ ಅವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು.

"ನಿಮ್ಮ ಚಿಗವ್ವ ಶೇವಂತಾಬಾಯಿ ಯಾವೂರಾಗ ಇರ್ತಾಳ?"

"ಹುಡಗಿ ಅನ್ನೋ ಊರಾಗ್ರಿ."

"ಅದು ಇಲ್ಲಿಂದ ಎಷ್ಟ್ ದೂರ?"

"ಹತ್ತಿರ ಅದರಿ."

"ನೀ ಹೋಗಿ ಬಂದು ಮಾಡ್ತೀಯಲ್ಲ."

"ಸೂಟಿ ಇದ್ದಾಗ ಹೋಗ್ತೀನ್ರಿ."

"ಹೂಂ," ಎಂದರು. ಆ ಹೂಂ ನನ್ನ ಹಿಂದೆಯೇ ನಡೆದು ಬಂದಂತೆ ಆಯಿತು.

ಏಜಾಜ್ ಭಾಯ್ ಡಬ್ಬಿ ಬಿಚ್ಚಿ ಬ್ರಶ್ಶಿನಿಂದ ಧೂಳು ಜಾಡಿಸಿದರು. ಬಣ್ಣಬಣ್ಣದ ದಾರದ ಹೊಟ್ಟು ಉದುರಿತು.

"ಅಕ್ಕಾರ, ಇದರಾಗ ಒಂದು ಕೂಸಿನ ಕುಂಚಿಗಿ ಆಗೋವಷ್ಟು ನೂಲು ಅದ. ಕಂಪ್ಯೂಟರ್ ಅನ್ಕೊಂಡೀರೋ, ಅರಿವಿ ಸಂದೂಕ ಅನ್ಕೊಂಡೀರೋ?"

ತಮ್ಮ ಪರದೆಗೆ ತಂತಿ ಜೋಡಿಸಿ ಚಾಲೂ ಮಾಡಿದರು. ನವಿಲು ಬಂತು, ನಿಂತಿತು, ಹೋಯಿತು. ಬಿಳಿ ಹಾಳೆ ತೆರೆದುಕೊಂಡಿತು.

"ನಡೀಲಾಕತ್ತದಲ್ರಿ. ಏನ್ ಬ್ಯಾನಿ ಇದಕ್ಕ?"

ಮುಚ್ಚಿ ತೆರೆದರು. ಮತ್ತೆ ನಡೆಯಿತು. ನಾನು ಅಲ್ಲೇ ಇದ್ದೆ, ಕಂಪ್ಯೂಟರಿನಿಂದ ಒಂದು ಮೊಳ ದೂರದಲ್ಲಿ. ನನ್ನ ಮುಖ ಅದಕ್ಕೆ ಸೇರಿತ್ತು. ಅಕ್ಕ ಈಗಲಾದರೂ ಒಂದು ಒಳ್ಳೆಯ ಮಾತು ಆಡುತ್ತಾರೆಂದು ಕಾದೆ.

"ಅಂದ್ರ ಅಲ್ಲಿ ಅಂಗಡ್ಯಾಗ ಯಾರೋ ಏನೋ ಮಾಡ್ಲಾಕತ್ತಾರ," ಎಂದರು ಅವರು.

ಏಜಾಜ್ ಭಾಯ್ ಡಬ್ಬಿಯನ್ನು ತಿರುಗಿಸಿದರು. ಹಿಂಬದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಚಿಕ್ಕದೊಂದು ಕರಿ ತುಂಡು ಸಿಕ್ಕಿಸಿದ್ದರು.

"ಇದು ಯಾರು ಹಾಕಿದ್ದು?"

"ಏನದು?"

"ವೈಫೈ ಹಿಡಿಯೋದು. ನಿಮ್ಮದಲ್ಲೇನು?"

"ನಮ್ಮ ಅಂಗಡ್ಯಾಗ ನೆಟ್ಟೇ ಇಲ್ಲ. ನಾ ಇದನ್ನ ಖರೀದಿ ಮಾಡಿಲ್ಲ."

ಅವರು ಕುರ್ಚಿ ಎಳೆದುಕೊಂಡು ಕೂತರು. "ನೋಡ್ರಿ ಅಕ್ಕಾರ. ನಿಮ್ಮ ಸಾಫ್ಟ್‌ವೇರ್ ನಕಲಿ ಅದ, ಸಿಟ್ಟಾಗಬ್ಯಾಡ್ರಿ, ಎಲ್ಲಾರದ್ದೂ ಹಂಗೇ. ನೆಟ್ ಇಲ್ಲಂದ್ರ ಸುಮ್ನ ಕೆಲಸ ಮಾಡ್ತದ. ನೆಟ್ ಸಿಕ್ತಂದ್ರ ತನ್ನ ಕಂಪನಿಗಿ ಹೋಗಿ ಕೇಳ್ತದ. ಇದು ನಮ್ಮದಲ್ಲ ಅಂತಾರ ಅವರು. ಬಂದ್ ಆಗಿ ಕೂಡ್ತದ. ಅಷ್ಟೇ ಬ್ಯಾನಿ."

"ನೆಟ್ ಎಲ್ಲಿಂದ ಬಂತು ಮತ್ತ?"

"ಯಾರದೋ ಮೊಬೈಲಿಂದ. ಒಮ್ಮೆ ಜೋಡಿಸಿದ್ರ ಇದು ಮರೆಯಂಗಿಲ್ಲ. ಆ ಮೊಬೈಲ್ ನೆಟ್ ಹಂಚ್ಕೋತ ಒಳಗ ಬಂತಂದ್ರ ತಾನೇ ಹೋಗಿ ಅಂಟ್ಕೋತದ. ಹೊರಗ ಹೋತಂದ್ರ ಬಿಡ್ತದ."

"ಯಾರ ಮೊಬೈಲು? ಹೆಸರು ಕಾಣ್ತದೇನು?"

ಅವರು ಏನೋ ಒತ್ತಿ ನೋಡಿದರು. "ಮೊಬೈಲ್ ಕಂಪನಿ ಹೆಸರಷ್ಟೇ ಅದ. ಅರ್ಧ ಹುಮನಾಬಾದಿನ ಕೈಯಾಗ ಇದೇ ಅವ."

ಅಕ್ಕನ ದನಿ ಇಳಿಯಿತು. "ಇದರಿಂದ ನನ್ನ ಡಿಸೈನ್ ಹೊರಗ ಹೋಗ್ತಾವೇನು?"

"ಕಳಿಸೋರಿದ್ರ ಯಾಕ ಹೋಗಂಗಿಲ್ರಿ? ಕಿತ್ತಿ ಹಾಕ್ಲೇನು?" ಅವರ ಬೆರಳು ಆಗಲೇ ಅದರ ಮೇಲಿತ್ತು.

"ಬ್ಯಾಡ. ಇರ್ಲಿ. ಯಾರು ಅಂತ ನನಗ ಗೊತ್ತಾಗ್ಬೇಕು." ಅಕ್ಕ ನನ್ನ ಕಡೆ ತಿರುಗಿದರು. "ದಿನಾ ಮೇಜಿನ ಕೆಳಗ ನೀನೇ ಕಸ ಹೊಡೀತಿ. ಇದು ನಿನ್ನ ಕಣ್ಣಿಗಿ ಬಿದ್ದಿಲ್ಲೇನು?"

"ಬಿದ್ದದರಿ. ನೀಲಿ ದೀಪ ಮಿಣಿಮಿಣಿ ಅಂತಿತ್ತು. ಕಂಪ್ಯೂಟರಿಂದೇ ಅನ್ಕೊಂಡಿದ್ದೆ."

ಇಲ್ಲವೆಂದು ಹೇಳಿದ್ದರೆ ಚೆನ್ನಾಗಿತ್ತೇನೋ. ನಿಜ ಹೇಳಿದ್ದಕ್ಕೆ ಅಕ್ಕನ ತುಟಿ ಇನ್ನಷ್ಟು ಬಿಗಿಯಾಯಿತು. ಏಜಾಜ್ ಭಾಯ್ ನಮ್ಮಿಬ್ಬರನ್ನೂ ನೋಡಿ ಡಬ್ಬಿಯ ಸ್ಕ್ರೂ ಬಿಗಿದರು.

ತಿರುಗಿ ಬರುವ ಬಸ್ಸಿನಲ್ಲಿ ಅಕ್ಕ ಕೈ ಚಾಚಿದರು. "ಮೊಬೈಲ್ ಕೊಡು."

ಕೊಟ್ಟೆ. ಮೂಲೆ ಒಡೆದಿದ್ದ ಆ ಮೊಬೈಲನ್ನು ಅವರು ತಿರುಗಿಸಿ ತಿರುಗಿಸಿ ನೋಡಿ ತಮ್ಮ ಚೀಲದಲ್ಲಿ ಹಾಕಿಕೊಂಡರು. "ಇದು ನನ್ನ ಹತ್ರ ಇರ್ಲಿ. ಏಜಾಜ್ ಹೇಳಿದ್ದು ಅಂಗಡ್ಯಾಗ ಬಾಯಿ ಬಿಡಬ್ಯಾಡ."

ಹೂಂ ಎಂದೆ. ತೊಡೆಯ ಮೇಲಿನ ಡಬ್ಬಿ ಬಸ್ಸಿನ ಜೊತೆ ಅಲುಗುತ್ತಿತ್ತು. ನನಗೆ ಏಜಾಜ್ ಭಾಯ್ ಬಾಯಲ್ಲಿ ನೆಟ್ ಹಂಚಿಕೊಳ್ಳುವ ಮಾತು ಬಂದಾಗಲೇ ಬಾಗಿಲ ಬಳಿಯ ಕುರ್ಚಿ ಕಣ್ಣ ಮುಂದೆ ಬಂದಿತ್ತು. ಜೇಬಿನಲ್ಲಿ ಒಂದು, ಕೈಯಲ್ಲಿ ಒಂದು. ನಾನು ಬರುವ ಹೊತ್ತಿಗೇ ಅವರೂ ಬರುವುದು. ನಾನು ಸೂಟಿ ಹಾಕಿದ ದಿನ ಅವರು ಹುಮನಾಬಾದಿನಲ್ಲಿದ್ದದ್ದು. ಅಲ್ಲಿ ದಾರ ತಂದದ್ದು ಎಷ್ಟು, ಬೇರೆ ಏನು ಕೊಟ್ಟು ಬಂದದ್ದು, ನನಗೇನು ಗೊತ್ತು. ಆದರೆ ನನಗೆ ನೆನಪಾದದ್ದು ಅಕ್ಕನಿಗೆ ನೆನಪಾಗಲಿಲ್ಲವೇ? ಆ ಕುರ್ಚಿ ಅವರ ಮುಂದೆಯೇ ಇರುತ್ತದೆ. ಅವರ ಮುಖ ನೋಡಿದೆ. ಅವರು ಹೊರಗೆ ಕಬ್ಬಿನ ಗದ್ದೆ ನೋಡುತ್ತಿದ್ದರು, ಚೀಲದ ಬಾಯನ್ನು ಎರಡೂ ಕೈಯಿಂದ ಹಿಡಿದುಕೊಂಡು.

ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಅವರ ತಮ್ಮನ ಮೇಲೆ ಮಾತು ಹಾಕಲು ನಾನು ಯಾರು ಎಂದು ಎರಡೂ ಸಲ ಮುಚ್ಚಿದೆ.

ಅಂಗಡಿ ಮುಟ್ಟಿದಾಗ ಗೋವರ್ಧನಣ್ಣ ಕುರ್ಚಿಯಲ್ಲೇ ಇದ್ದರು. ಆಟ ನಡೆದಿತ್ತು.

"ಏನಂದ ಏಜಾಜ?"

"ಧೂಳು ತುಂಬಿತ್ತಂತ," ಎಂದರು ಅಕ್ಕ. "ಅಲ್ಲಿ ನಡೀತು. ಈಗ ಇಲ್ಲಿ ನೋಡೋಣು."

ನಾನು ತಂತಿಗಳನ್ನು ಜೋಡಿಸಿದೆ. ಹಿಂದುಗಡೆ ನೀಲಿ ದೀಪ ಮಿಣುಕಿತು. ಅಕ್ಕನೂ ಬಗ್ಗಿ ಅದನ್ನು ನೋಡಿದರು. ನವಿಲು ಬಂತು, ನಿಂತಿತು, ಹೋಯಿತು. ಹಾಳೆ ತೆರೆಯಲಿಲ್ಲ.

"ನಾ ಹೇಳಿರ್ಲಿಲ್ಲೇನು?" ಗೋವರ್ಧನಣ್ಣ ಎದ್ದು ಬಂದರು. "ಅಲ್ಲಿ ನಡೀತು, ಇಲ್ಲಿ ಇಲ್ಲ. ಇದು ಇಕಿದೇ ಕೆಲಸ. ಇಷ್ಟು ಸುಮ್ನ ಇರೋರನ್ನ ನಂಬಬಾರ್ದು ಅಕ್ಕಾ. ಇಕಿ ಮೊಬೈಲ್ ಎಲ್ಲದ, ತೆಗಿಸಿ ನೋಡು."

"ನನ್ನ ಹತ್ರ ಅದ."

ಅಕ್ಕ ಚೀಲದಿಂದ ನನ್ನ ಮೊಬೈಲ್ ತೆಗೆದು ಪರದೆ ಕಪ್ಪಾಗುವವರೆಗೆ ಗುಂಡಿ ಒತ್ತಿ ಹಿಡಿದರು. ಮೇಜಿನ ಮೇಲೆ ಇಟ್ಟರು. ಮತ್ತೆ ಮೌಸ್ ಒತ್ತಿದರು. ನವಿಲು ಬಂದು ಹೋಯಿತು.

ಆಮೇಲೆ ತಮ್ಮ ಮೊಬೈಲನ್ನೂ ತೆಗೆದರು. ಅದನ್ನೂ ಬಂದ್ ಮಾಡಿ ನನ್ನದರ ಪಕ್ಕದಲ್ಲಿ ಇಟ್ಟರು. ಮೌಸ್ ಒತ್ತಿದರು. ನವಿಲು ಬಂದು ಹೋಯಿತು.

"ಇದೇನ್ ಹಚ್ಚೀದಿ, ಮೊಬೈಲ್ ಬಂದ್ ಮಾಡೋದು?" ಎಂದರು ಗೋವರ್ಧನಣ್ಣ. ಈಗ ನಗು ಇರಲಿಲ್ಲ. ಕೈ ಶರ್ಟಿನ ಜೇಬಿನ ಮೇಲೆ ಹೋಗಿ ಅಲ್ಲೇ ನಿಂತಿತು.

ಅಕ್ಕ ಅವರ ಕಡೆ ನೋಡಲಿಲ್ಲ. ಕಂಪ್ಯೂಟರನ್ನೂ ನೋಡಲಿಲ್ಲ. ನನ್ನನ್ನು ನೋಡಿ ಮೆಲ್ಲಗೆ ಹೇಳಿದರು, "ಆಮ್ರಪಾಲಿ, ನೀ ಇವತ್ತ ಮನಿಗಿ ಹೋಗು. ನಾಳಿ ಬರೋದು ಬ್ಯಾಡ. ಕರೀಬೇಕಾದ್ರ ಕರೀತೀನಿ."

ಅವರು ಕರೆಯುವುದಿಲ್ಲವೆಂದು ಅವರ ದನಿಯಲ್ಲೇ ಇತ್ತು. ನನ್ನ ಮೊಬೈಲ್ ಎತ್ತಿಕೊಂಡು ಚಪ್ಪಲಿ ಮೆಟ್ಟಿದರೆ ಆಯಿತು, ಎಲ್ಲರಿಗೂ ಸರಳ. ನನ್ನ ಅರ್ಧ ಮುಗಿದ ಬ್ಲೌಸ್ ಪೀಸು ಮಷಿನ್ ಪಕ್ಕದಲ್ಲಿ ಬಿದ್ದಿತ್ತು. ಕತ್ತರಿ ಅದರ ಮೇಲಿತ್ತು. ನಾನು ಅಲುಗಲಿಲ್ಲ. ಮೇಜಿನ ಅಂಚು ಹಿಡಿದುಕೊಂಡೆ.

"ಅಣ್ಣಾ," ಎಂದೆ. ದನಿ ಎಷ್ಟು ಸಣ್ಣಗೆ ಬಂತೆಂದರೆ ಯಾರಿಗೂ ಕೇಳಿಸಿರಲಾರದು ಎಂದುಕೊಂಡೆ. ಆದರೆ ಇಬ್ಬರೂ ತಿರುಗಿದರು. "ನಿಮ್ಮ ಜೇಬಿನಾಗಿನ ಮೊಬೈಲೂ ಬಂದ್ ಮಾಡ್ರಿ."

ಕುರ್ಚಿಯ ಮೇಲೆ ಬಿಟ್ಟು ಬಂದಿದ್ದ ದೊಡ್ಡ ಮೊಬೈಲಿನಲ್ಲಿ ಯಾರೋ ಔಟಾದರು. ಜನ ಕೂಗಿದರು. ಗೋವರ್ಧನಣ್ಣ ಅಕ್ಕನನ್ನು ನೋಡಿದರು. ಅಕ್ಕ ಖಾಲಿ ಪರದೆಯನ್ನು ನೋಡುತ್ತಿದ್ದರು.

ನಾನು ಈ ಸಲ ಸ್ವಲ್ಪ ಗಟ್ಟಿಯಾಗಿ ಹೇಳಿದೆ.

"ಒಂದೇ ಸಲ ಬಂದ್ ಮಾಡ್ರಿ, ಅಣ್ಣಾ."