ಸೋತವರು ಅಡುಗೆ ಮಾಡಬೇಕು

ಡೆಸ್ ಹ್ಯಾನಿಗನ್ ಮಾರ್ಕರ್ ಪೆನ್ನು ಹಿಡಿದು ಹಗ್ಗ ದಾಟಿ ನಮ್ಮ ಕಡೆ ಬಂದಾಗಲೇ ನನಗೆ ಅನುಮಾನ ಬಂತು. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಮನುಷ್ಯ ಆ ಹಗ್ಗ ದಾಟಿದ್ದು ಎರಡೇ ಕಾರಣಕ್ಕೆ. ಒಂದೋ ನನ್ನನ್ನು ಬೈಯುವುದಕ್ಕೆ, ಇಲ್ಲ ಸೋತು ನನಗೆ ಅಡುಗೆ ಮಾಡಿ ಹಾಕುವುದಕ್ಕೆ. ಈ ಸಲ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಸೋಲೂ ಇರಲಿಲ್ಲ. ಪಾಪ ಅನ್ನುವಂಥ ಮುಖ ಮಾಡಿಕೊಂಡು ಬರುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಹಗ್ಗ ಅಂದರೆ ಬಟ್ಟೆ ಒಣಹಾಕುವ ಹಗ್ಗ. ಬ್ಯಾಥರ್ಸ್ಟ್ ಬೆಟ್ಟದ ನೆತ್ತಿಯಲ್ಲಿ, ರೇಸಿನ ಕಾರುಗಳು ಏರು ಮುಗಿಸಿ ಇಳಿಜಾರಿಗೆ ತಿರುಗುವ ಕಡೆ, ನಮ್ಮ ಎರಡು ಡೇರೆಗಳ ನಡುವೆ ಪ್ರತಿ ಅಕ್ಟೋಬರಿನಲ್ಲೂ ಅದನ್ನು ಕಟ್ಟುತ್ತೇವೆ. ಆಚೆ ನೀಲಿ, ಫೋರ್ಡ್ ಕಾರಿನವರು. ಈಚೆ ಕೆಂಪು, ಹೋಲ್ಡನ್ ಕಾರಿನವರು. ನಡುವೆ ಒಂದು ಹಳೆಯ ಐಸ್ ಪೆಟ್ಟಿಗೆಯ ಮುಚ್ಚಳ ನೇತಾಡುತ್ತದೆ. ಪೆಟ್ಟಿಗೆ ಒಡೆದು ಎಷ್ಟೋ ವರ್ಷವಾಯಿತು, ಮುಚ್ಚಳ ಮಾತ್ರ ಉಳಿದಿದೆ, ಯಾಕೆಂದರೆ ಅದರ ಮೇಲೆ ನಮ್ಮ ನಿಯಮ ಬರೆದಿದೆ:

ಸೋತವರು ಸೋಮವಾರ ಬೆಳಿಗ್ಗೆ ಅಡುಗೆ ಮಾಡಬೇಕು.
ಗೆದ್ದವರ ಏಪ್ರನ್ ಕಟ್ಟಿಕೊಂಡೇ ಮಾಡಬೇಕು.
ನೆಪ ಹೇಳಬಾರದು.

ಮೊದಲ ಎರಡು ಸಾಲು ಡೆಸ್ ಬರೆದದ್ದು. ಮೂರನೆಯದು ನನ್ನದು. ಅದನ್ನು ಬರೆದ ವರ್ಷ ಫೋರ್ಡ್ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಿತ್ತು. ಮೊಟ್ಟೆ ಬೇಯಿಸುತ್ತಾ ಅವನು ಎರಡು ಗಂಟೆ ಅದೊಂದೇ ಕಥೆ ಹೇಳಿದ್ದ.

ನಾನು ನೋಲೀನ್ ಕ್ವಿಲ್ಟಿ. ಅಡಿಲೇಡ್ ಪಕ್ಕದ ಎಲಿಜಬೆತ್‌ನಲ್ಲಿ ಹೋಲ್ಡನ್ ಕಾರ್ಖಾನೆ ಇದ್ದಾಗ ಇಪ್ಪತ್ತಮೂರು ವರ್ಷ ಕಾರಿನ ಬಾಗಿಲುಗಳಿಗೆ ರಬ್ಬರ್ ಪಟ್ಟಿ ಕೂರಿಸಿದವಳು. ಒತ್ತಿ ಒತ್ತಿ ನನ್ನ ಬಲಗೈ ಹೆಬ್ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಕಾರ್ಖಾನೆ ಮುಚ್ಚಿತು. ಮೂರು ವರ್ಷದ ಮೇಲೆ ಹೋಲ್ಡನ್ ಅನ್ನುವ ಹೆಸರನ್ನೂ ಕೈಬಿಟ್ಟರು. ರೇಸಿನಲ್ಲಿ ಮಾತ್ರ ಹೋಲ್ಡನ್ನಿನ ಸಿಂಹದ ಗುರುತು ಇನ್ನೆರಡು ವರ್ಷ ಓಡಿತು, ಕೊನೆಯ ವರ್ಷ ಈ ಬೆಟ್ಟದಲ್ಲಿ ಗೆದ್ದೇ ಹೋಯಿತು. ಮಾರನೆಯ ದಿನ ಡೆಸ್ ನನ್ನ ಕೆಂಪು ಏಪ್ರನ್ ಕಟ್ಟಿಕೊಂಡು ಹಂದಿಮಾಂಸವನ್ನು ಕರಕಲಾಗುವಷ್ಟು ಹುರಿದ. ಹೊಗೆ ಕಣ್ಣಿಗೆ ಹೋಯಿತು ಅಂತ ಕಣ್ಣೊರೆಸಿಕೊಂಡ. ನಾನು ನಂಬಿದ ಹಾಗೆ ಮಾಡಿದೆ.

ಆಮೇಲೆ ಹೊಸ ನಿಯಮ ಬಂತು. ಎಲ್ಲರಿಗೂ ಒಳಗೆ ಒಂದೇ ಅಚ್ಚಿನ ಚೌಕಟ್ಟು, ಹೊರಗೆ ಮಾತ್ರ ಬೇರೆ ಬೇರೆ ಚಿಪ್ಪು. ಫೋರ್ಡಿನವರಿಗೆ ಮಸ್ಟಾಂಗ್. ಸಿಂಹದ ಜಾಗಕ್ಕೆ ಕ್ಯಾಮರೋ ಅನ್ನುವ ಅಮೆರಿಕದ ಕಾರು. ನಮ್ಮ ಟೀಮುಗಳಲ್ಲಿ ಹೆಚ್ಚಿನವು ಅದನ್ನು ಹತ್ತಿದವು, ಒಂದಂತೂ ಫೋರ್ಡನ್ನೇ ಹತ್ತಿತು. ಮೊದಲ ಎರಡು ವರ್ಷ ಕ್ಯಾಮರೋ ಗೆದ್ದಿತು. ಎರಡು ಸೋಮವಾರವೂ ಡೆಸ್ ನಿಯಮದ ಪ್ರಕಾರ ಕೆಂಪು ಏಪ್ರನ್ ಕಟ್ಟಿ ತಟ್ಟೆ ಹಿಡಿದು ಬಂದ. ಅದು ನನ್ನ ಕಾರಲ್ಲ, ಗೆದ್ದದ್ದು ನಾನಲ್ಲ, ವಾಪಸ್ ತಗೊಂಡು ಹೋಗು ಎಂದು ಎರಡು ಸಲವೂ ಅಟ್ಟಿದೆ. ಅವನು ಆ ಮೊಟ್ಟೆಗಳನ್ನು ಮ್ಯಾಗ್‌ಪೈ ಹಕ್ಕಿಗಳಿಗೆ ಹಾಕಿದ. ನನ್ನ ಹಟ ನನಗೆ ಹೆಚ್ಚಾಗಿತ್ತು, ಅವನ ಮುಖ ನಾನು ನೋಡಲಿಲ್ಲ.

ಇದು ಮೂರನೆಯ ವರ್ಷ. ಶನಿವಾರ ಮಧ್ಯಾಹ್ನ.

"ಏನದು ಕೈಯಲ್ಲಿ?" ಅಂದೆ.

"ಪೆನ್ನು."

"ನಂಗೂ ಕಣ್ಣಿದೆ. ಯಾತಕ್ಕೆ ಅಂತ ಕೇಳ್ದೆ."

"ನೋಡು ನೋಲೀನ್, ಸಿಟ್ಟಾಗ್ಬೇಡ..."

"ಆಗ್ಲೇ ಆಗಿದೀನಿ. ಮುಂದೆ ಹೇಳು."

ಡೆಸ್ ಮುಚ್ಚಳದ ಕಡೆ ನೋಡಿದ. "ಇದನ್ನ ಹೊಡೆದು ಹಾಕ್ಬಿಡೋಣ. ನಿಂಗೆ ಕಾರೇ ಇಲ್ಲ. ಓಡ್ದೇ ಇರೋರನ್ನ ಸೋಲ್ಸಿ ನಂಗೇನು ಬರತ್ತೆ? ಸೋಮವಾರ ಎಲ್ಲಾರೂ ಒಟ್ಟಿಗೆ ಮಾಡ್ಕೊಂಡು ತಿನ್ನೋಣ. ಸ್ನೇಹಿತರ ತರ."

"ಸ್ನೇಹಿತರು! ನಾನ್ಯಾವಾಗಯ್ಯಾ ನಿನ್ನ ಸ್ನೇಹಿತೆ ಆಗಿದ್ದೆ?"

ಮಡಚುವ ಕುರ್ಚಿಯಲ್ಲಿ ಕೂತು ಬಿಯರ್ ಕುಡಿಯುತ್ತಿದ್ದ ಕ್ರೇಗ್ ಬಾಯಿ ಹಾಕಿದ. ಅವನು ನನ್ನ ಅಣ್ಣನ ಮಗ, ನಲವತ್ತಾರು ವರ್ಷದ ಕೊಳಾಯಿ ಕೆಲಸದವನು. ಹೊಸ ಕ್ಯಾಮರೋ ಅಂಗಿ ತೊಟ್ಟು ಬಂದಿದ್ದ. ನಾನು ಹೊರಡುವಾಗಿನಿಂದ ಆ ಅಂಗಿಯ ಕಡೆ ನೋಡಿರಲಿಲ್ಲ.

"ಅತ್ತೆ, ಅವ್ರು ಹೇಳೋದ್ರಲ್ಲಿ ತಪ್ಪೇನಿದೆ? ಇಲ್ಲಾಂದ್ರೆ ಕ್ಯಾಮರೋ ನಮ್ದೇ ಅಂತ ಒಪ್ಕೊಂಡ್ಬಿಡಿ. ಅದೇ ಟೀಮು, ಅದೇ ಮೆಕ್ಯಾನಿಕ್‌ಗಳು. ತಲೆ ಮೇಲಿರೋ ಟೋಪಿ ಒಂದು ಬೇರೆ, ಅಷ್ಟೇ."

"ಆ ಟೋಪಿ ನಿಂಗೆ ಹಾಕಿದಾರೆ ಕಣೋ. ನಂಗಲ್ಲ."

ಡೆಸ್ ನಕ್ಕುಬಿಟ್ಟ. ಕ್ರೇಗ್‌ಗೆ ರೇಗಿತು. "ನೀವ್ ನಗ್ಬೇಡಿ. ಎರಡು ವರ್ಷ ಅತ್ತು ಅತ್ತು ರೇಸಿನ ನಿಯಮಾನೇ ತಿರುಗ್ಸಿಕೊಂಡ್ರಿ."

"ಯಾರೋ ಅತ್ತಿದ್ದು?"

"ನೀವೇ. ಮಸ್ಟಾಂಗ್ ಹಿಂದಿನ ರೆಕ್ಕೆ ಸಣ್ಣದು, ಗಾಳಿ ಸರಿಯಾಗಿ ಒತ್ತಲ್ಲ, ತಿರುವಲ್ಲಿ ಕಾರು ಜಾರತ್ತೆ ಅಂತ. ಬೆಟ್ಟಕ್ಕೆಲ್ಲ ಕೇಳ್ಸೋ ಹಾಗೆ."

"ಎರಡೂ ಕಾರ್ನ ಅಮೆರಿಕಕ್ಕೆ ಒಯ್ದು, ಜೋರಾಗಿ ಗಾಳಿ ಬಿಡೋ ಸುರಂಗದಲ್ಲಿಟ್ಟು ಅಳೆದಿದಾರಪ್ಪಾ! ನಾನ್ ಅಳೆದಿದ್ದಲ್ಲ. ಈಗ ಎರಡೂ ಸಮ."

"ಸಮ? ನೇರ ದಾರೀಲಿ ನಿಮ್ ಕಾರು ನೋಡಿದ್ರಾ ನಿನ್ನೆ?"

"ಓಡ್ಸೋಕೆ ಬರೋರು ಕೂತಿದಾರೆ, ಅದಕ್ಕೆ."

ನನಗೆ ಸಾಕಾಗಿ ಹೋಯಿತು. "ಒಂದು ಎಳೆನೂ ಹೆಚ್ಚುಕಮ್ಮಿ ಆಗ್ಬಾರ್ದು ಅಂದ್ರೆ ಎರಡು ಕಾರ್ ಯಾಕ್ರೋ? ಒಂದನ್ನೇ ಇಟ್ಕೊಂಡು ಅರ್ಧಕ್ಕೆ ನೀಲಿ, ಅರ್ಧಕ್ಕೆ ಕೆಂಪು ಬಳೀರಿ. ನಾನು ಹುಡುಗಿ ಆಗಿದ್ದಾಗ ಯಾರ ಇಂಜಿನ್ ದೊಡ್ಡದೋ ಅವ್ರು ಗೆಲ್ತಿದ್ರು, ಸೋತೋರು ಮನೆಗೆ ಹೋಗಿ ಇನ್ನೂ ದೊಡ್ಡದು ಮಾಡ್ಕೊಂಡು ಬರ್ತಿದ್ರು."

"ಹಂಗಿದ್ದಿದ್ರೆ ದುಡ್ಡಿರೋನು ಒಬ್ನೇ ಓಡ್ತಿದ್ದ ಈಗ," ಅಂದ ಕ್ರೇಗ್. ಅದು ನಿಜ ಅಂತ ನನಗೂ ಗೊತ್ತು. ಗೊತ್ತಿದೆ ಅಂತ ಅವನಿಗೆ ಹೇಳಲಿಲ್ಲ.

ಡೆಸ್ ಕಡೆ ತಿರುಗಿದೆ. "ನಂಗೆ ಕಾರಿಲ್ಲ ಅಂತೀಯಲ್ಲ, ನಿಂಗೆಲ್ಲಿದೆ? ಜೀಲಾಂಗ್‌ನ ಫೋರ್ಡ್ ಕಾರ್ಖಾನೇಲಿ ಇಂಜಿನ್ ಎರಕ ಹೊಯ್ತಿದ್ದೋನು ನೀನು. ನಮ್ದಕ್ಕಿಂತ ಒಂದು ವರ್ಷ ಮುಂಚೆ ಬೀಗ ಬಿತ್ತು ನಿಮ್ದಕ್ಕೆ. ಆ ನಿನ್ನ ಮಸ್ಟಾಂಗ್ ಬರೋದೂ ಹಡಗಲ್ಲೇ."

ಡೆಸ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. "ಹೌದು. ಆದ್ರೆ ಹೆಸರು ಉಳೀತಲ್ಲೇ ನಂಗೆ. ಕೂಗೋಕೆ ಒಂದು ಹೆಸರಿದೆ."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವನು ಬೈಯಲಿಲ್ಲ.

"ನಾಳೆ ರೇಸ್ ಮುಗೀಲಿ," ಅಂದೆ. "ಅಲ್ಲೀವರೆಗೂ ಪೆನ್ನು ಜೇಬಲ್ಲಿರ್ಲಿ."

ಅವನು ಹೋದ ಮೇಲೆ ನನಗೆ ನಿಜವಾಗಿ ಹೆದರಿಕೆಯಾಯಿತು. ಹೊರಡುವ ದಿನ ನನ್ನ ಗಂಡ ವಾಲ್ ಗೇಟಿನ ಹತ್ತಿರ ನಿಂತು ಕೇಳಿದ್ದ, "ಅಲ್ವೇ, ಯಾರು ಓಡ್ತಾರೆ ಅಂತ ಎರಡು ದಿನ ಗಾಡಿ ಓಡ್ಸ್ಕೊಂಡು ಹೋಗ್ತೀಯ?" ಅವನಿಗೆ ರೇಸೂ ಬೇಡ, ಗದ್ದಲವೂ ಬೇಡ, ಆದರೆ ಕುಹಕದಿಂದ ಕೇಳಿದ್ದಲ್ಲ. ನಾನು ಉತ್ತರ ಕೊಡದೆ ಗಾಡಿ ಶುರು ಮಾಡಿದ್ದೆ. ಆ ಮುಚ್ಚಳದ ನಿಯಮ ಅಳಿಸಿಹೋದರೆ ನಾನು ಈ ಬೆಟ್ಟದ ಮೇಲೆ ಯಾರಿಗೂ ಎದುರಾಳಿ ಅಲ್ಲ. ಇಲ್ಲದ ಕಾರಿನ ಬಾವುಟ ಕಟ್ಟಿಕೊಂಡು ಕೂತ ಒಬ್ಬ ಮುದುಕಿ, ಅಷ್ಟೇ. ಪಕ್ಕದ ಡೇರೆಯವರು ಪಾಪ ಅಂತ ಕರೆದು ಊಟ ಹಾಕುತ್ತಾರೆ.

ಭಾನುವಾರ ನೂರ ಅರವತ್ತೊಂದು ಸುತ್ತು. ನಾನು ತೀರ್ಮಾನ ಮಾಡಿಕೊಂಡೇ ಕೂತಿದ್ದೆ, ಯಾರು ಗೆದ್ದರೂ ನನಗೇನು ಅಂತ. ಮಂಡಿ ಮೇಲೆ ಕಂಬಳಿ, ಕೈಯಲ್ಲಿ ಚಹಾ. ಬೆಳಿಗ್ಗೆಯಿಂದ ಹೆಚ್ಚು ಹೊತ್ತು ಕ್ಯಾಮರೋ ಒಂದು ಮುಂದೆ ಇತ್ತು. ಕ್ರೇಗ್ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ. ನಾನು ಬಿಸ್ಕತ್ತು ತಿಂದೆ. ಆ ಕಾರು ನಮ್ಮ ಮುಂದೆ ಹಾದಾಗಲೆಲ್ಲ ಮನಸ್ಸಿನಲ್ಲಿ ಹುಡುಕಿ ನೋಡಿದೆ, ಒಂದು ಚೂರೂ ಖುಷಿ ಸಿಗಲಿಲ್ಲ.

ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ನಾಲ್ಕು ಹನಿ ಬಿತ್ತು. ಇನ್ನು ಐದು ಸುತ್ತು ಇದೆ ಅನ್ನುವಾಗ, ನಮ್ಮ ಕಣ್ಣೆದುರೇ, ನೆತ್ತಿಯ ತಿರುವಿನಲ್ಲಿ ಕ್ಯಾಮರೋ ಜಾರಿ ಹೊರಬದಿಗೆ ಸರಿಯಿತು. ನೀಲಿ ಮಸ್ಟಾಂಗ್ ಸಿಕ್ಕಿದ ಸಂದಿಯಲ್ಲಿ ನುಗ್ಗಿತು.

ಆಮೇಲೆ ಏನಾಯಿತು ಎಂದು ನನಗೆ ಗೊತ್ತಾದದ್ದು ಕ್ರೇಗ್ ಹೇಳಿದ ಮೇಲೆ. ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆನಂತೆ. ಚಹಾ ಕಂಬಳಿಯ ಮೇಲೆ ಚೆಲ್ಲಿತ್ತಂತೆ. ನಾನು ಆ ಮಸ್ಟಾಂಗಿನವನ ತಾತ ಮುತ್ತಾತನನ್ನೆಲ್ಲ ಎಳೆದು ತಂದು ಬೈಯುತ್ತಿದ್ದೆನಂತೆ. ನನಗೆ ನೆನಪಿರುವುದು ಹೊಟ್ಟೆಯೊಳಗೆ ಬಿದ್ದ ಬೆಂಕಿ ಮಾತ್ರ. ಇಪ್ಪತ್ತೊಂಬತ್ತು ವರ್ಷದಿಂದ ನನಗೆ ಚೆನ್ನಾಗಿ ಗೊತ್ತಿರುವ ಬೆಂಕಿ ಅದು. ಫೋರ್ಡ್ ಗೆಲ್ಲುವಾಗ ಮಾತ್ರ ಬೀಳುವುದು.

ಫೋರ್ಡ್ ಗೆದ್ದಿತು. ಬೆಟ್ಟದ ಅರ್ಧ ಭಾಗ ಕುಣಿಯಿತು. ಪ್ರತಿ ಸಲ ಗೆದ್ದಾಗ ಡೆಸ್ ಹಗ್ಗದ ಹತ್ತಿರ ಬಂದು, ಬಾಣಲೆಗೆ ಸೌಟಿನಿಂದ ಬಡಿಯುತ್ತಾ, ಹೋಲ್ಡನ್ ಸೋತೋಯ್ತು ಎಂದು ಊರಿಗೆಲ್ಲ ಸಾರುತ್ತಾನೆ. ಕಾದೆ. ಅವನು ನನ್ನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ತನ್ನ ಡೇರೆಯೊಳಕ್ಕೆ ಹೋದ. ಅಷ್ಟು ಅವಮಾನ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಸೋಮವಾರ ಏಳು ಗಂಟೆಗೆ ಎದ್ದು ನೋಡುತ್ತೇನೆ, ಮುಚ್ಚಳದ ಮೇಲಿನ ಮೊದಲ ಸಾಲಿಗೆ ಅಡ್ಡಗೆರೆ ಬಿದ್ದಿದೆ. ಪೆನ್ನು ಹಗ್ಗಕ್ಕೇ ಸಿಕ್ಕಿಸಿತ್ತು. ಉಳಿದೆರಡು ಸಾಲು ನಾನೇ ಹೊಡೆಯಲಿ ಎಂದು ಬಿಟ್ಟಿದ್ದನೇನೋ.

ಪೆನ್ನು ತೆಗೆದುಕೊಂಡೆ. ಬರೆಯಬೇಕಾದ್ದನ್ನು ಬರೆದೆ. ಆಮೇಲೆ ಹಗ್ಗ ದಾಟಿ, ಅವನ ಡೇರೆಯ ಗೂಟಕ್ಕೆ ನೇತುಹಾಕಿದ್ದ ನೀಲಿ ಏಪ್ರನ್ ಎಳೆದು ಸೊಂಟಕ್ಕೆ ಬಿಗಿದು, ಅವನದೇ ಒಲೆ ಹಚ್ಚಿ ಕಾವಲಿ ಇಟ್ಟೆ. ಆ ಏಪ್ರನ್‌ನ ವಾಸನೆ ದೇವರೇ ಬಲ್ಲ, ಅದು ಎಂದೂ ನೀರು ಕಂಡದ್ದಲ್ಲ. ಹಂದಿಮಾಂಸ ಚುರ್ ಅಂದಾಗ ಡೆಸ್ ಕಣ್ಣುಜ್ಜಿಕೊಂಡು ಹೊರಗೆ ಬಂದ.

"ಏನೇ ಇದು?"

"ಸೋತಿದೀನಿ. ಅಡುಗೆ ಮಾಡ್ತಿದೀನಿ. ಮೊಟ್ಟೆ ಎಷ್ಟು?"

"ನಿನ್ನ ಕಾರು ಓಡ್ಲೇ ಇಲ್ವಲ್ಲೇ! ಕ್ಯಾಮರೋ ನಂದಲ್ಲ ಅಂತ ನನ್ನ ತಟ್ಟೆ ಎರಡು ಸಲ ವಾಪಸ್ ಕಳ್ಸಿದೋಳು ನೀನೇ."

"ಈಗ್ಲೂ ಅದು ನಂದಲ್ಲ."

"ಮತ್ತೆ ಸೋತಿದ್ದು ಹೆಂಗೆ?"

"ಕ್ಯಾಮರೋ ಗೆದ್ರೆ ಗೆಲುವು ನಂದಲ್ಲ. ಫೋರ್ಡ್ ಗೆದ್ರೆ ಸೋಲು ನಂದು."

"ಅದ್ಯಾವ ಸೀಮೆ ನ್ಯಾಯಾನೇ?"

"ನನ್ನ ಸೀಮೇದು. ಸರಿ ಇದ್ಯೋ ಇಲ್ವೋ ಅಂತ ನೋಡ್ಬೇಕಾದ್ರೆ ಅಮೆರಿಕಕ್ಕೆ ಕಳ್ಸಿ ಗಾಳಿ ಸುರಂಗದಲ್ಲಿಟ್ಟು ಅಳೆಸು."

ಹಗ್ಗದ ಆಚೆ ಕ್ರೇಗ್ ಕೆಮ್ಮಿಕೊಂಡು ನಗುತ್ತಿದ್ದ. ಡೆಸ್ ನಗಲಿಲ್ಲ. ನನ್ನ ಹತ್ತಿರ ಬಂದು ದನಿ ತಗ್ಗಿಸಿದ. "ಯೋಚ್ನೆ ಮಾಡ್ದೆಯಾ ನೋಲೀನ್? ಈ ಲೆಕ್ಕದಲ್ಲಿ ನೀನು ಇನ್ನು ಗೆಲ್ಲೋದೇ ಇಲ್ಲ. ಸಾಯೋವರೆಗೂ ಒಂದು ಸಲಾನೂ."

"ಗೊತ್ತು."

"ಗೊತ್ತಿದ್ದೂ?"

"ಇಪ್ಪತ್ತಮೂರು ವರ್ಷ ಆ ಬಾಗಿಲು ಕೂರ್ಸಿದೀನಿ ಡೆಸ್. ಗೆಲ್ಲೋದನ್ನ ಅವ್ರು ಕಿತ್ಕೊಂಡ್ರು, ನಾನೇನೂ ಮಾಡೋಕಾಗ್ಲಿಲ್ಲ. ಸೋಲೋದು ಉಳ್ದಿದೆ. ಅದನ್ನ ನಿಂಗೆ ಬಿಟ್ಕೊಡಲ್ಲ. ಪಾಪ ಅಂತ ನೋಡೋದಾದ್ರೆ ಬೇರೆ ಯಾರನ್ನಾದ್ರೂ ನೋಡ್ಕೋ. ಹೋಗಿ ಮುಚ್ಚಳ ಓದ್ಕೊಂಡ್ ಬಾ."

ಅವನು ಹೋದ. ಮೊದಲ ಸಾಲನ್ನು ನಾನು ಅಡ್ಡಗೆರೆಯ ಮೇಲೆಯೇ ದಪ್ಪಕ್ಕೆ ತಿದ್ದಿ ಬರೆದಿದ್ದೆ. ನೆಪ ಹೇಳಬಾರದು ಅನ್ನುವುದರ ಕೆಳಗೆ ನಾಲ್ಕನೆಯ ಸಾಲು ಸೇರಿಸಿದ್ದೆ:

ಕಾರಿಲ್ಲ ಅನ್ನುವುದೂ ನೆಪವೇ.

ಅವನು ಬಹಳ ಹೊತ್ತು ಅದನ್ನು ಓದುತ್ತಾ ನಿಂತ. ನಾಲ್ಕು ಸಾಲು ಓದಲು ಅಷ್ಟು ಹೊತ್ತು ಬೇಕಿಲ್ಲ. ವಾಪಸ್ ಬಂದವನು ನನ್ನ ಮುಖ ನೋಡದೆ, ಒಲೆಯ ಪಕ್ಕದಲ್ಲಿದ್ದ ಬಾಣಲೆ ಎತ್ತಿಕೊಂಡ, ಸೌಟು ಹುಡುಕಿದ, ಹಗ್ಗದ ಹತ್ತಿರ ಹೋದ.

"ಹೋಲ್ಡನ್ ಸೋತೋಯ್ತು!" ಎಂದು ಬಡಿದ. "ಕೇಳ್ರಪ್ಪೋ! ಹೋಲ್ಡನ್ ಸೋತೋಯ್ತು! ನೋಲೀನ್ ಕ್ವಿಲ್ಟಿ ಮೊಟ್ಟೆ ಬೇಯಿಸ್ತಾವ್ಳೆ!"

ಡೇರೆಗಳಿಂದ ತಲೆಗಳು ಹೊರಬಂದವು. ಕೆಳಗಿನ ಸಾಲಿನಲ್ಲಿ ಯಾವನೋ ಸಿಳ್ಳೆ ಹಾಕಿದ. ಇನ್ನೂ ಕೆಳಗೆ, ಗಂಟಲು ಕಟ್ಟಿದ ಹೆಂಗಸೊಬ್ಬಳು, "ಮುಂದಿನ ವರ್ಷ ನೋಡ್ಕೋತೀವಿ ಕಣೋ!" ಎಂದು ತಿರುಗಿ ಕೂಗಿದಳು. ನಾನವಳನ್ನು ಇವತ್ತಿನವರೆಗೂ ನೋಡಿಲ್ಲ. ಕ್ರೇಗ್ ಕ್ಯಾಮರೋ ಅಂಗಿಯ ಮೇಲೆ ಕೋಟು ಹಾಕಿಕೊಂಡು ಗುಂಡಿ ಹಾಕಿದ.

ಮೂರು ವರ್ಷದ ಮೇಲೆ ಯಾರೋ ಹೋಲ್ಡನ್ ಹೆಸರು ಹಿಡಿದು ಬೈದಿದ್ದರು. ಯಾರು ಓಡ್ತಾರೆ ಅಂತ ಕೇಳಿದ್ದ ವಾಲ್‌ಗೆ ಹೇಳುವುದಕ್ಕೆ ಕೊನೆಗೂ ಒಂದು ಉತ್ತರ ಸಿಕ್ಕಿತು. ಕಣ್ಣಿಗೆ ಹೊಗೆ ಹೋಯಿತು, ಈ ಸಲ ಅದು ನಿಜವಾಗಿಯೂ ಹೊಗೆಯೇ. ಡೆಸ್ ಅತ್ತ ತಿರುಗಿ ಬಡಿಯುತ್ತಿದ್ದಾಗ ನಾನು ಅವನ ಪಾಲಿನ ಎರಡು ಮೊಟ್ಟೆಗೆ ಇನ್ನೊಂದು ಹಿಡಿ ಉಪ್ಪು ಸುರಿದೆ.