ಜಗ್ಗಬ್ಯಾಡ, ಜಾರಿಸು

ಆಯುಧ ಪೂಜೆಗೆ ಅಂತ ಚಂದ್ರಾಮ ಮಾಡಹೊರಟಿದ್ದು ಒಳ್ಳೆಯ ಕೆಲಸವೇ. ಕೊಂಡಾಪುರದಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಅಲ್ಲೇ ಒಂದು ಪ್ರಯೋಗಾಲಯದಲ್ಲಿ ಅವನು ಗುತ್ತಿಗೆ ಮೆಕ್ಯಾನಿಕ್. ರಿಪೇರಿಗೆ ಬಿಚ್ಚಿದ್ದ ಯಂತ್ರದ ಎರಡು ಆಯಸ್ಕಾಂತಗಳನ್ನು ಒರೆಸಿ, ಕುಂಕುಮ ಹಚ್ಚಿ, ಪೂಜೆಗೆಂದು ಅಕ್ಕಪಕ್ಕ ಇಡಲು ಹೋದ. ಟಪ್! ಎರಡೂ ಕಚ್ಚಿಕೊಂಡವು.

ಎಳೆದ. ಬರಲಿಲ್ಲ. ಸ್ಕ್ರೂಡ್ರೈವರ್ ತುರುಕಲು ಹೋದ. ಅದನ್ನೂ ಕೈಯಿಂದ ಕಿತ್ತುಕೊಂಡವು. ಜೋಳದ ಚೀಲ ಹೊರುವ ತೋಳು ಬೆಂಕಿಪೊಟ್ಟಣದಷ್ಟು ತುಂಡಿಗೆ ಸೋಲೋದೆ? ಚಂದ್ರಾಮನಿಗೆ ತಲೆಬುಡ ತಿಳಿಯಲಿಲ್ಲ.

ಸೂಪರ್‌ವೈಸರ್ ನರಹರಿ ಬಂದ. "ಏನಲೇ, ಉಂಡಿಲ್ಲೇನು? ಇನ್ನೊಬ್ಬನ್ನ ಕರ್ಕೊಂಡು ಆ ಕಡೆ ಈ ಕಡೆ ಜಗ್ರಿ. ನಾಳೆ ಯಂತ್ರ ಚಾಲೂ ಆಗಬೇಕು. ಆಗಲ್ಲಂದ್ರ ಹೇಳು, ನಿನ್ನ ಜಾಗಕ್ಕ ಭಾಳ ಮಂದಿ ಅದಾರ."

ಚಂದ್ರಾಮ ಮತ್ತೆ ಕೈ ಹಾಕಿದ.

"ಏ, ಕೈ ತೆಗಿ!" ಹಿರಿಯ ಟೆಕ್ನಿಷಿಯನ್ ಅನ್ನಮ್ಮ ಓಡಿ ಬಂದು ತನ್ನ ಎಡಗೈಯನ್ನು ಅವನ ಮುಂದೆ ಹಿಡಿದಳು. ತೋರುಬೆರಳಿಗೆ ತುದಿಯೇ ಇರಲಿಲ್ಲ. "ನಾವೂ ಹಿಂಗೇ ಜಗ್ಗಿದ್ವಿ. ಬಿಟ್ಟಂಗಾಗಿ ತಿರುಗಿ ಕೂಡಿದ್ವು. ನಡುವ ನನ್ನ ಬೆರಳಿತ್ತು."

"ಜಗ್ಗಬಾರದು, ಮೀಟಬಾರದು. ಮತ್ತ ಕೈಮುಗಿದು ಬೇಡ್ಕೊಳ್ಲೇನ್ರಿ ಅಕ್ಕಾ?" ಅಂದ ಚಂದ್ರಾಮ.

"ಜಾರಿಸಬೇಕೋ. ಮೊದಲು ಕೈಗವಸು, ಕಣ್ಣಿಗೆ ಕನ್ನಡಕ. ಇವು ಬಡಕೊಂಡ್ರ ಗಾಜಿನಂಗ ಚೂರು ಹಾರತಾವ."

"ಗುತ್ತಿಗೆಯವರಿಗೆ ಅವನ್ನೆಲ್ಲ ಕೊಡಂಗಿಲ್ಲ," ಅಂದ ನರಹರಿ.

"ಗುತ್ತಿಗೆಯವರಿಗೆ ಹೋದ ಬೆರಳು ಮತ್ತ ಹುಟ್ಟತಾವೇನ್ರಿ ಸರ?" ಅಂದಳು ಅನ್ನಮ್ಮ.

ನರಹರಿ ಕಪಾಟು ತೆರೆದು ಕೈಗವಸು, ಕನ್ನಡಕ ತೆಗೆದುಕೊಟ್ಟ.

ಎದೆಯಲ್ಲಿ ಹೃದಯ ಬಡಿತ ಕಾಯುವ ಪೇಸ್‌ಮೇಕರ್ ಇದ್ದ ಕಾವಲುಗಾರ ಅಮರೇಶಪ್ಪನನ್ನು, ಆಯಸ್ಕಾಂತ ಅದನ್ನು ಕೆಡಿಸೀತು ಎಂದು, ಅನ್ನಮ್ಮ ಹೊರಗೆ ಕಳಿಸಿದಳು. ಸ್ಕ್ರೂಡ್ರೈವರನ್ನು ಪಕ್ಕಕ್ಕೆ ಜಾರಿಸಿ ತೆಗೆಸಿ, ಕಬ್ಬಿಣವನ್ನೆಲ್ಲ ದೂರ ಇಡಿಸಿದಳು. ಎರಡೂ ತುಂಡು ಕೂಡಿದ ಗೆರೆ ಕಟ್ಟಿಗೆ ಮೇಜಿನ ಅಂಚಿಗೆ ಸರಿಯಾಗಿ ಬರುವಂತೆ, ಒಂದು ತುಂಡು ಮೇಜಿನ ಮೇಲೆ, ಇನ್ನೊಂದು ಹೊರಗೆ ಇರುವಂತೆ ಇಡಿಸಿದಳು.

"ಒಳಗಿನದನ್ನ ಒತ್ತಿ ಹಿಡಿ. ಹೊರಗಿನದನ್ನ ಕೆಳಕ್ಕ ನೂಕು. ಗೆರಿ ಹತ್ತಿರ ಬೆರಳು ಬ್ಯಾಡ. ಜಾರಿದ ಮ್ಯಾಲೂ ಕೈ ಬಿಡಬ್ಯಾಡ, ಹಿಡಕೊಂಡೇ ದೂರ ಒಯ್ಯಿ."

ನೂಕಿದ. ಜಾರಿತು! ಅನ್ನಮ್ಮ ನಡುವೆ ದಪ್ಪ ಹಲಗೆ ಇಟ್ಟಳು. ಚಂದ್ರಾಮ ಬಿಡಿಸಿದ ತುಂಡನ್ನು ದೂರದ ಕಟ್ಟಿಗೆ ಪೆಟ್ಟಿಗೆಯಲ್ಲಿಟ್ಟು ಬಂದು, ಹತ್ತೂ ಬೆರಳು ಮಡಿಸಿ ಬಿಚ್ಚಿ ನೋಡಿಕೊಂಡ. "ಅಷ್ಟು ಜಗ್ಗಿದ್ರ ಬರಲಿಲ್ಲ, ಇಷ್ಟಕ್ಕ ಹೆಂಗ ಬಂತ್ರಿ?"

"ನೆಟ್ಟಗ ಜಗ್ಗಿದ್ರ ಅದರ ಪೂರಾ ಜೋರು ನಿನ್ನ ಮ್ಯಾಲ. ಜಾರಿಸಿದ್ರ ಕಮ್ಮಿ."

ಪೂರ್ತಿ ತಿಳಿಯದಿದ್ದರೂ ಚಂದ್ರಾಮ ಕೈಗವಸು ವಾಪಸ್ ಕೊಡಲಿಲ್ಲ.

ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ಬಲವಾದ ಆಯಸ್ಕಾಂತ ಕಚ್ಚಿಕೊಂಡರೆ ಎಳೆಯಬೇಡಿ, ಬಡಿಯಬೇಡಿ. ಜಾರಿಸಿ. ದೊಡ್ಡದಾಗಿದ್ದರೆ ಮುಟ್ಟಲೇಬೇಡಿ, ಬಿಡಿಸುವ ಸಲಕರಣೆ ಇರುವವರನ್ನು ಕರೆಸಿ. ಕೈಗವಸು ಕೊಡದೆ ಕೆಲಸ ಹೇಳಿದರೆ ಕೆಲಸ ನಿಲ್ಲಿಸಿ ಕೇಳಿ. ಅದು ಯಾರ ದಯೆಯೂ ಅಲ್ಲ, ನಿಮ್ಮ ಹಕ್ಕು. ಒಬ್ಬರೇ ಕೇಳಲು ಹೆದರಿಕೆಯೇ? ನಾಲ್ಕು ಜನ ಕೂಡಿ ಕೇಳಿ.